ಬೆಲ್ಲದ ಪುಟ

ಗಟ್ಟಿಯಾಗಿ ಓದಿ ಹೇಳುವವರ ಹಣೆಬರಹವೇ ಅಷ್ಟು. ಕಥೆ ಚೆನ್ನಾಗಿದ್ದರೆ ಕೇಳಿದವರು ಬರೆದವನನ್ನು ಹೊಗಳುತ್ತಾ ಎದ್ದು ಹೋಗುತ್ತಾರೆ. ಚೆನ್ನಾಗಿಲ್ಲದಿದ್ದರೆ ಬರೆದವನು ಎಲ್ಲೋ ದೂರದ ಊರಿನಲ್ಲಿ ಹಾಯಾಗಿ ಕಾಫಿ ಕುಡಿಯುತ್ತಿರುತ್ತಾನೆ, ಕೈಗೆ ಸಿಗುವವಳು ಓದಿದವಳು. ಅಡುಗೆ ಮಾಡಿದವರನ್ನು ಬಿಟ್ಟು ಬಡಿಸಿದವರನ್ನು ಬೈದ ಹಾಗೆ. ನಾನು ಮದುವೆಯಾಗಿ ಹೊನ್ನಾಳಿಯಿಂದ ಚನ್ನಗಿರಿಗೆ ಬಂದ ಹೊಸದರಲ್ಲಿ ನನ್ನ ರೊಟ್ಟಿ ದಪ್ಪ, ಸಾರು ನೀರು, ರಂಗೋಲಿ ಸೊಟ್ಟ ಎಂದು ಒಂದೊಂದಾಗಿ ತೀರ್ಮಾನವಾಗುತ್ತಾ ಬಂದು, ಕೊನೆಗೆ ಇವಳಿಗೆ ಗಂಟಲೊಂದು ಚೆನ್ನಾಗಿದೆ ಎಂದು ನಮ್ಮತ್ತೆ ಕಂಡುಹಿಡಿದರು. ಅಂದಿನಿಂದ ಶ್ರಾವಣದಲ್ಲಿ ಪುರಾಣ ಓದುವ ಕೆಲಸ ನನ್ನದಾಯಿತು. ನಮ್ಮ ಓಣಿಯಲ್ಲಿ ನನಗೆ ಏನಾದರೂ ಮರ್ಯಾದೆ ಇದ್ದರೆ ಅದು ಆ ಗಂಟಲಿನಿಂದ ಬಂದದ್ದು.

ಪುರಾಣ ಹಚ್ಚುವುದೆಂದರೆ ಸುಮ್ಮನೆ ಪುಸ್ತಕ ಓದಿದ ಹಾಗಲ್ಲ. ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಮಣೆಯ ಮೇಲೆ ಪುಸ್ತಕ ಇಟ್ಟು, ವಿಭೂತಿ ಹಚ್ಚಿ, ಹೂವು ಏರಿಸಿ, ಮೊದಲ ದಿನ ಕಾಯಿ ಒಡೆದು ಶುರು ಮಾಡಬೇಕು. ನಾನು ಒಂದಿಷ್ಟು ಓದುವುದು, ಅತ್ತೆ ಅದರ ಅರ್ಥ ಹೇಳುವುದು. ಮುಂದೇನಾಗುತ್ತದೆ ಎಂದು ಕದ್ದು ಪುಟ ತಿರುಗಿಸುವ ಹಾಗಿಲ್ಲ. ಅದಕ್ಕಾಗಿಯೇ ಅತ್ತೆ ಪುಸ್ತಕವನ್ನು ಮಡಿ ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲಿಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಏನೆಂದರೆ, ಒಮ್ಮೆ ಹಚ್ಚಿದ ಪುರಾಣವನ್ನು ಮಧ್ಯದಲ್ಲಿ ಬಿಡಬಾರದು. ಮಳೆ ಬರಲಿ, ನೆಂಟರು ಬರಲಿ, ಓದುವವಳಿಗೆ ಜ್ವರ ಬರಲಿ, ಹೋಳಿಗೆ ಮಾಡಿ ಮಂಗಲ ಮಾಡುವವರೆಗೆ ಅದು ನಡೆಯಲೇಬೇಕು.

ಎಪ್ಪತ್ತರ ದಶಕದ ಕೊನೆಗೆ ನಮ್ಮ ಮನೆಯ ಮುಂದಿನ ಕೋಣೆಗೆ ಸ್ಟೆಲ್ಲಾ ಟೀಚರ್ ಬಾಡಿಗೆಗೆ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ತಂದೆತಾಯಿ ಇಲ್ಲದ ಅವರು ಬೆಳೆದದ್ದೆಲ್ಲ ಶಿವಮೊಗ್ಗದ ಒಂದು ಹಾಸ್ಟೆಲಿನಲ್ಲಿ. ಅಲ್ಲಿ ಚಿಕ್ಕವರಿದ್ದಾಗ ಒಬ್ಬರು ಸಿಸ್ಟರ್ ಇಂಗ್ಲಿಷ್ ಪುಸ್ತಕ ನೋಡಿಕೊಂಡು ಕನ್ನಡದಲ್ಲಿ ಹೇಳಿದ ಕಥೆಯೊಂದು ಅವರ ಪ್ರಾಣಕ್ಕೆ ಅಂಟಿಕೊಂಡಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಅದನ್ನು ನಮ್ಮ ಭಾವನವರ ಮಗಳು ಗೀತಾಳಿಗೂ ಓಣಿಯ ಹುಡುಗಿಯರಿಗೂ ಹೇಳುತ್ತಿದ್ದರು. ಅಣ್ಣ ತಂಗಿ ಇಬ್ಬರು ಹಳೆಯ ಚರ್ಚಿನ ಗಂಟೆಗೋಪುರದ ಕೆಳಗಿನ ಬಾಗಿಲಲ್ಲಿ ನುಗ್ಗಿ ಬೇರೆಯೇ ಒಂದು ನಾಡಿಗೆ ಹೋಗುತ್ತಾರೆ. ಅಲ್ಲಿ ಹೊಳೆಯ ಉಗಮದಲ್ಲಿ ಒಂದು ಡ್ರ್ಯಾಗನ್ ಕೂತಿರುವುದರಿಂದ ನೀರೆಲ್ಲ ಹೆಪ್ಪುಗಟ್ಟಿದೆ. ಇವರಿಗೆ ದಾರಿ ತೋರಿಸುವುದು ಒಂದು ಬೆಳ್ಳಿ ಕುರಿಮರಿ. ಎಲ್ಲರೂ ಕತ್ತಿ ಹಿಡಿದು ಹೋಗಿ ಸೋತ ಮೇಲೆ ಆ ಕುರಿಮರಿ ಒಂದೇ ಹೋಗಿ ಡ್ರ್ಯಾಗನ್ನಿನ ಬಾಯಿಗೆ ಒಂದುಂಡೆ ಬೆಲ್ಲ ಇಡುತ್ತದೆ. ಹುಟ್ಟಿದಾಗಿನಿಂದ ಸಿಹಿಯೇ ತಿಂದಿರದ ಡ್ರ್ಯಾಗನ್ ಅತ್ತುಬಿಡುತ್ತದೆ. ಆ ಬಿಸಿ ಕಣ್ಣೀರಿಗೆ ಹೊಳೆ ಕರಗಿ ಹರಿಯುತ್ತದೆ.

ಇದನ್ನು ಹೇಳುವಾಗ ಟೀಚರ್ ತಾವೇ ಒಮ್ಮೆ ಕುರಿಮರಿ, ಒಮ್ಮೆ ಡ್ರ್ಯಾಗನ್ ಆಗುತ್ತಿದ್ದರು. ನಾನು ಒಗ್ಗರಣೆಗೆ ಎಣ್ಣೆ ಇಟ್ಟು ಕಿಟಕಿಯ ಬಳಿ ನಿಂತುಬಿಟ್ಟು ಸಾಸಿವೆ ಹೊತ್ತಿಸಿದ್ದೂ ಉಂಟು. ಗೀತಾ ಪಕ್ಕದ ಮನೆಯ ಎಮ್ಮೆಗೆ ಬೆಲ್ಲ ತಿನ್ನಿಸಿ ಅದು ಅಳುವುದನ್ನೇ ಕಾಯುತ್ತಾ ಕೂತಿದ್ದಳು. ಆದರೆ ಟೀಚರ್ ಮಾತ್ರ, "ನಾ ಹೇಳೋದು ಏನೂ ಅಲ್ಲರೀ ಅಕ್ಕ. ಪುಸ್ತಕದಾಗೆ ಇನ್ನೂ ಚೆಂದ ಐತೆ. ಕನ್ನಡಕ್ಕೆ ಮಾಡ್ತಾ ಇದ್ದಾರಂತೆ, ಬಂದ ಕೂಡಲೇ ತರಿಸ್ತೀನಿ" ಎನ್ನುತ್ತಿದ್ದರು. ಆ ಪುಸ್ತಕ ಅಚ್ಚಾಗುವುದು ತಡವಾದಷ್ಟೂ ಅದರ ಕೀರ್ತಿ ಬೆಳೆಯಿತು. ನಮ್ಮ ಓಣಿಯಲ್ಲಿ ಮಗುವೊಂದು ಹುಟ್ಟಿ, ಹೆಸರಿಟ್ಟು, ಹೆಜ್ಜೆ ಹಾಕುವಷ್ಟು ಹೊತ್ತು ನಾವು ಆ ಪುಸ್ತಕಕ್ಕೆ ಕಾದೆವು.

ಕೊನೆಗೂ ದಾವಣಗೆರೆ ಬಸ್ಸಿನಲ್ಲಿ ಪಾರ್ಸಲ್ ಬಂತು. ಹೊದಿಕೆಯ ಹಿಂದೆ, ಇದನ್ನು ಓದಲು ಕೂತ ಮಕ್ಕಳು ಊಟ ನಿದ್ರೆ ಮರೆಯುತ್ತಾರೆ, ದೇವರ ಪ್ರೀತಿಯನ್ನು ಕಣ್ಣಾರೆ ಕಾಣುತ್ತಾರೆ ಎಂದು ಅಚ್ಚಾಗಿತ್ತು. ಗೀತಾ ಅದನ್ನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಅತ್ತೆ ಒಳಗಿನಿಂದ ಬಂದು, "ದೇವರ ಪುಸ್ತಕ ಅಂದ್ರೆ ಹಿಂಗೆ ಕಟ್ಟೆ ಮೇಲೆ ಕಾಲು ಚಾಚಿ ಓದ್ತಾರೇನು? ಶ್ರಾವಣ ಹತ್ರ ಬಂತು. ಈ ಸರ್ತಿ ಇದನ್ನೇ ಹಚ್ಚೋಣ" ಎಂದರು.

ಟೀಚರ್‌ಗೆ ಗಾಬರಿಯಾಯಿತು. "ಇದು ಪೂಜೆ ಮಾಡೋ ಪುಸ್ತಕ ಅಲ್ಲರೀ ಅಮ್ಮ. ಹುಡುಗರ ಕಥೆ."

"ದೇವರು ಇದಾನೋ ಇಲ್ವೋ ಇದರಾಗೆ?"

"ಇದಾನೆ… ಕುರಿಮರಿ ರೂಪದಾಗೆ."

"ನಮ್ಮೋನು ಬಸವಣ್ಣನ ಮೇಲೆ ಕೂತು ಬರ್ತಾನೆ, ನಿಮ್ಮೋನು ಕುರಿಮರಿ ಆಗಿ ಬರ್ತಾನೆ. ಅದಕ್ಕೇನಂತೆ, ಬರಲಿ ಬಿಡ್ರಿ" ಎಂದು ಅತ್ತೆ ಕಾಯಿ ತರಲು ಹೇಳಿಯೇಬಿಟ್ಟರು. ಟೀಚರ್ ಕಣ್ಣಲ್ಲಿ ನೀರು ಬಂತು. ತಮ್ಮ ಪುಸ್ತಕಕ್ಕೆ ಒಬ್ಬರ ಮನೆಯ ನಡುಮನೆಯಲ್ಲಿ ಮಣೆ ಹಾಕಿದ್ದನ್ನು ಅವರು ಎಂದೂ ಮರೆಯಲಿಲ್ಲ.

ಮೊದಲ ದಿನ ಕಾಲಿಡಲು ಜಾಗವಿರಲಿಲ್ಲ. ಅತ್ತೆಯ ತಂಗಿ ನ್ಯಾಮತಿಯಿಂದ ಬಂದಿದ್ದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಕಥೆಯ ಅಣ್ಣ ತಂಗಿ ಗಂಟೆಗೋಪುರಕ್ಕೆ ಬರುವ ಮೊದಲು ಅವರ ಸೋದರಮಾವ ವಿಧೇಯತೆಯ ಬಗ್ಗೆ ಮಾತಾಡಿದ. ಮರುದಿನವೂ ಮಾತಾಡಿದ. ಬಾಗಿಲು ಸಿಕ್ಕಿತು, ಬಾಗಿಲ ಬಳಿ ಇದ್ದ ಮುದುಕ ತಾಳ್ಮೆಯ ಬಗ್ಗೆ ಮಾತಾಡಿದ. ಆ ನಾಡಿನಲ್ಲಿ ಗಿಡ, ಗೂಬೆ, ಸೇತುವೆ ಎಲ್ಲಕ್ಕೂ ಬಾಯಿತ್ತು, ಎಲ್ಲವೂ ಬುದ್ಧಿ ಹೇಳುತ್ತಿದ್ದವು. ಬೆಳ್ಳಿ ಕುರಿಮರಿ ಬಂತು ಎಂದು ನಾವೆಲ್ಲ ನೆಟ್ಟಗೆ ಕೂತರೆ ಅದು ಸೋದರಮಾವನಿಗಿಂತ ಹೆಚ್ಚು ಮಾತಾಡಿತು. ಅನುವಾದ ಮಾಡಿದವರು ಇನ್ನೂ ದೊಡ್ಡ ಮನುಷ್ಯರು. ಓದುತ್ತಾ ಓದುತ್ತಾ ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಅದು ಯಾರ ವಿಷಯವಾಗಿ ಶುರುವಾಗಿತ್ತೆಂಬುದು ನನಗೇ ಮರೆತುಹೋಗುತ್ತಿತ್ತು.

ಅತ್ತೆ ಪಾಪ, ಅರ್ಥ ಹೇಳಲು ಹೆಣಗಿದರು. ಡ್ರ್ಯಾಗನ್ ಎಂದರೆ ಘಟಸರ್ಪ, ಹಿಮ ಎಂದರೆ ಊರೆಲ್ಲ ಬಿದ್ದ ಆಲಿಕಲ್ಲು ಎಂದು ಹೇಗೋ ದಾಟಿಸಿದರು. ಮುಂದಕ್ಕೆ ಅರ್ಥ ಹೇಳುತ್ತಲೇ ತೂಕಡಿಸತೊಡಗಿದರು. ನ್ಯಾಮತಿಯವರಿಗೆ ಇದ್ದಕ್ಕಿದ್ದ ಹಾಗೆ ಮನೆಯಲ್ಲಿ ಬಿಟ್ಟುಬಂದ ಎಮ್ಮೆಯ ನೆನಪಾಗಿ ಬೆಳಗಿನ ಬಸ್ಸಿಗೆ ಹೊರಟರು. ಅಡಿಕೆ ಮಂಡಿಯಲ್ಲಿ ವ್ಯಾಪಾರ ಮಾಡುವ ನಮ್ಮ ಯಜಮಾನರು ಯಾವ ಚೀಲವನ್ನೂ ಮೇಲಿನ ಅಡಿಕೆ ನೋಡಿ ಕೊಂಡವರಲ್ಲ, ನಡುವಿಗೆ ಕೈಹಾಕಿ ತೆಗೆದು ನೋಡುವವರು. ಒಂದು ದಿನ ಬಾಗಿಲಲ್ಲಿ ನಿಂತು ಪುಸ್ತಕದ ನಡುಮಧ್ಯದ ನಾಲ್ಕು ಸಾಲು ಕೇಳಿ, "ಮೇಲೆ ಬಣ್ಣ ಐತೆ, ಒಳಗೆ ಹಸಿ ಐತೆ" ಎಂದು ಮೆಲ್ಲಗೆ ಹೇಳಿ ಹೋದರು. ಊಟ ಮರೆಯುವುದು ಹಾಗಿರಲಿ, ನಮ್ಮ ಮನೆಯ ಮಕ್ಕಳಿಗೆ ಆ ಪುಸ್ತಕ ತೆರೆದ ಕೂಡಲೇ ಹಸಿವಾಗುತ್ತಿತ್ತು.

ಆದರೆ ಇದನ್ನು ಬಾಯಿಬಿಟ್ಟು ಹೇಳುವವರು ಯಾರು? ಕಾಯಿ ಒಡೆದು ಹಚ್ಚಿದ ದೇವರ ಪುಸ್ತಕ, ಬೇಜಾರು ಎಂದರೆ ಪಾಪ. ಎದುರಿಗೇ ಸ್ಟೆಲ್ಲಾ ಟೀಚರ್ ಕೈಕಟ್ಟಿಕೊಂಡು, ಮುಖ ಅರಳಿಸಿಕೊಂಡು, "ಈಗ ಬರ್ತೈತೆ ನೋಡ್ರಿ ಚೆಂದದ ಜಾಗ" ಎನ್ನುತ್ತಾ ಕೂತಿರುತ್ತಿದ್ದರು. ಆ ಮುಖ ನೋಡಿ ಪುಸ್ತಕ ಚೆನ್ನಾಗಿಲ್ಲ ಎನ್ನಲು ಕಲ್ಲು ಮನಸ್ಸು ಬೇಕು. ಹೀಗೆ ದೇವರನ್ನೂ ಬೈಯುವ ಹಾಗಿಲ್ಲ, ಟೀಚರನ್ನೂ ನೋಯಿಸುವ ಹಾಗಿಲ್ಲ ಎಂದಾದಾಗ ಉಳಿದವಳು ನಾನೊಬ್ಬಳೇ.

"ಯಾಕೆ ಶಾಂತಾ, ಗಂಟಲು ಕೆಟ್ಟೈತೇನು? ಮೊದಲಿನಂಗೆ ಓದಾಕೆ ಆಗ್ತಿಲ್ಲ ನಿನಗೆ" ಎಂದು ಅತ್ತೆ ಎಲ್ಲರೆದುರಿಗೆ ಕೇಳಿದರು. ಓಣಿಯ ಹೆಂಗಸರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಒಬ್ಬರು ಮೆಣಸಿನ ಕಷಾಯ ಕಾಸಿಕೊಂಡು ಬಂದರು, ಇನ್ನೊಬ್ಬರು ಯಾರೋ ದೃಷ್ಟಿ ಹಾಕಿದ್ದಾರೆ ಎಂದು ಮೆಣಸಿನಕಾಯಿ ಇಳಿ ತೆಗೆದರು. ಯಾವನೋ ಬರೆದ ಸೋದರಮಾವನಿಗಾಗಿ ನಾನು ದಿನವೂ ಕಷಾಯ ಕುಡಿದೆ. ನನಗಿದ್ದ ಒಂದೇ ಒಂದು ಮರ್ಯಾದೆ ಹೋಗುತ್ತಿದೆಯಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಮಂಗಲದ ದಿನ ಬೆಲ್ಲದ ಜಾಗ ಬರುತ್ತದೆ, ಅದನ್ನು ಎಲ್ಲರ ಕಣ್ಣಲ್ಲಿ ನೀರು ಬರುವ ಹಾಗೆ ಓದಿದರೆ ಹೋದದ್ದೆಲ್ಲ ವಾಪಸ್ಸು ಬಂದೀತು ಎಂದು ಅದೊಂದನ್ನೇ ನಂಬಿಕೊಂಡು ಓದಿದೆ.

ಮಂಗಲದ ದಿನ ಬಂತು. ಎದ್ದುಹೋಗಿದ್ದವರೆಲ್ಲ ಬೆಲ್ಲದ ಆಸೆಗೆ, ಹೋಳಿಗೆಯ ಆಸೆಗೂ ಇರಬಹುದು, ತಿರುಗಿ ಬಂದರು. ಕುರಿಮರಿ ಹೆಪ್ಪುಗಟ್ಟಿದ ಹೊಳೆಯ ಮೇಲೆ ನಡೆದು ಹೋಯಿತು. ಗೀತಾ ಮೊಣಕಾಲ ಮೇಲೆ ಎದ್ದು ಕೂತಳು. ನಾನು ದನಿ ತಗ್ಗಿಸಿದೆ. ಕುರಿಮರಿ ಡ್ರ್ಯಾಗನ್ನಿನ ಎದುರು ನಿಂತು ಬಾಯಿ ತೆರೆದು, ಅಹಂಕಾರದ ಬಗ್ಗೆ ಮಾತಾಡಿತು. ಪುಟ ತಿರುಗಿಸಿದೆ, ಇನ್ನೂ ಮಾತಾಡುತ್ತಿತ್ತು. ಮಾತು ಮುಗಿದ ಕೂಡಲೇ ಡ್ರ್ಯಾಗನ್ ನಾಚಿಕೊಂಡು ಬೂದಿಯಾಯಿತು, ಮಕ್ಕಳು ಮನೆಗೆ ಬಂದು ಸೋದರಮಾವನಿಗೆ ನಮಸ್ಕಾರ ಮಾಡಿದರು. ಅಲ್ಲಿಗೆ ಪುಸ್ತಕ ಮುಗಿಯಿತು.

"ಬೆಲ್ಲ?" ಎಂದಳು ಗೀತಾ. "ಚಿಕ್ಕಮ್ಮ, ಬೆಲ್ಲ ಬಿಟ್ಟುಬಿಟ್ಟೆ ನೀನು!" ಎಂದು ಜೋರಾಗಿ ಅಳತೊಡಗಿದಳು.

ನಡುಮನೆಯೆಲ್ಲ ನನ್ನ ಕಡೆ ತಿರುಗಿತು. "ಎರಡು ಹಾಳೆ ಅಂಟಿಕೊಂಡಿರಬೇಕು, ಸರಿಯಾಗಿ ನೋಡೇ" ಎಂದರು ಅತ್ತೆ. ನೋಡಿದೆ. ಟೀಚರ್ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹುಡುಕಿದರು. ಅವರ ಮುಖ ಸಣ್ಣಗಾಗುತ್ತಾ ಬಂತು. ಟೀಚರ್ ನೊಂದುಕೊಳ್ಳುತ್ತಾರೆಂದು ನಾನು ಎಷ್ಟು ದಿನದಿಂದ ಹೆದರಿದ್ದೆನೋ ಆ ಗಳಿಗೆ ಬಂದೇಬಿಟ್ಟಿತ್ತು. ಹಾಳಾಗಿ ಹೋಗಲಿ, ನಾನೇ ಬಿಟ್ಟೆ ಎಂದು ಒಪ್ಪಿಕೊಂಡುಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಟೀಚರ್ ನಿಧಾನವಾಗಿ ಹೇಳಿದರು: "ಸಿಸ್ಟರ್‌ಗೆ ವರ್ಗ ಆಯ್ತು. ಕಥೆ ಅರ್ಧಕ್ಕೇ ನಿಂತಿತ್ತು. ಈಗ ನೆನಪಾಗ್ತಾ ಐತೆ ಅಕ್ಕ, ಕೊನೆ ನಾನು ಕೇಳೇ ಇಲ್ಲ. ಭಾನುವಾರ ಪ್ರಾರ್ಥನೆ ಆದಮೇಲೆ ನಮಗೆ ಒಂದೊಂದು ಚೂರು ಬೆಲ್ಲ ಕೊಡ್ತಿದ್ರು. ಅದನ್ನ ಬಾಯಾಗೆ ಇಟ್ಕೊಂಡು, ಮುಂದೆ ಹೆಂಗೆ ಆಗಿರಬೇಕು ಅಂತ ನಾನೇ…" ಎಂದು ನಿಲ್ಲಿಸಿದರು.

ಅತ್ತೆಗೆ ನಿದ್ದೆ ಪೂರ್ತಿ ಹಾರಿಹೋಗಿತ್ತು. ಪುಸ್ತಕ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿದರು. "ಇದರದ್ದು ಮಂಗಲ ಆತು. ಬರೆದೋನು ಬೆಲ್ಲ ಕಂಡೋನಲ್ಲ, ಅವನೇನು ಮಾಡ್ಯಾನು? ಟೀಚರೇ, ನೀವು ಈ ಕಡೆ ಬರ್ರಿ. ಆ ಮಣೆ ಮೇಲೆ ಕೂತ್ಕೊಳ್ರಿ. ಇವತ್ತು ನೀವು ಹೇಳ್ರಿ, ನಾ ಅರ್ಥ ಹೇಳಲ್ಲ" ಎಂದರು.

ಸ್ಟೆಲ್ಲಾ ಟೀಚರ್ ಒಲ್ಲೆ ಒಲ್ಲೆ ಎನ್ನುತ್ತಲೇ ಮಣೆಯ ಪಕ್ಕ ನೆಲದ ಮೇಲೆ ಕೂತು ಶುರು ಮಾಡಿದರು. ಮೊದಲು ದನಿ ನಡುಗುತ್ತಿತ್ತು. ಕುರಿಮರಿ ಬೆಲ್ಲ ಹಿಡಿದು ಹೊಳೆ ದಾಟುವ ಹೊತ್ತಿಗೆ ಸರಿಹೋಯಿತು. ಡ್ರ್ಯಾಗನ್ ಅತ್ತಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಬಾಗಿಲಲ್ಲಿ ನಿಂತಿದ್ದ ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಹೆಂಚಿನ ಮೇಲಿದ್ದ ಹೋಳಿಗೆ ಸೀದ ವಾಸನೆ ಎಲ್ಲರಿಗೂ ಬಂದಿತ್ತು, ಯಾರೂ ಏಳಲಿಲ್ಲ. ಊಟ ಮರೆಯುವ ಕಥೆ ಎಂದು ಹೊದಿಕೆಯ ಹಿಂದೆ ಅಚ್ಚು ಹಾಕಿದ್ದು ಕೊನೆಗೂ ನಿಜವಾಯಿತು. ನನಗೂ ಅಳು ಬಂತು, ಕಥೆಗೆ ಅರ್ಧ, ನನ್ನ ಗಂಟಲಿನ ಮೇಲಿದ್ದ ಆರೋಪ ಕಳೆಯಿತೆಂಬ ಸಂತೋಷಕ್ಕೆ ಅರ್ಧ.

ಆದರೆ ಆರೋಪ ಕಳೆಯಿತು ಎಂದುಕೊಂಡದ್ದು ನನ್ನ ಭ್ರಮೆ. ಗೀತಾ ಈಗ ಜಗಳೂರಿನಲ್ಲಿ ಟೀಚರ್. ತನ್ನ ಶಾಲೆಯ ಮಕ್ಕಳಿಗೆ ಬೆಳ್ಳಿ ಕುರಿಮರಿಯ ಕಥೆ ಹೇಳಿ, "ಪುಸ್ತಕದಾಗೆ ಇನ್ನೂ ಚೆಂದ ಐತೆ" ಎಂದು ಆಸೆ ಹಚ್ಚಿ, ನಮ್ಮ ಜಗಲಿಯ ಮೇಲಿದ್ದ ಪುಸ್ತಕವನ್ನು ಒಯ್ದಿದ್ದಳು. ಮೊನ್ನೆ ಯುಗಾದಿಗೆ ಬಂದಾಗ ಅದನ್ನು ನನ್ನ ಮುಂದೆ ಕುಕ್ಕಿ, "ಚಿಕ್ಕಮ್ಮ, ನಿಜ ಹೇಳು. ಆ ಬೆಲ್ಲದ ಹಾಳೆ ಎಲ್ಲಿ ಕಳೆದೆ? ಮಕ್ಕಳೆಲ್ಲ ಅಳ್ತಾ ಇದಾವೆ" ಎಂದಳು. ಅಂದು ಎದುರಿಗೇ ಕೂತು ಎಲ್ಲವನ್ನೂ ಕೇಳಿದವಳು! ಅವಳಿಗೆ ಚೆನ್ನಾಗಿ ಬೈದು ಒಳಗೆ ಕಳಿಸಿದೆ. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕನ್ನಡಕ ಹಾಕಿಕೊಂಡು, ಆ ಪುಸ್ತಕದ ಕೊನೆಯ ಹಾಳೆಗಳನ್ನು ಬೆರಳಿಗೆ ಎಂಜಲು ಹಚ್ಚಿ ಒಂದೊಂದಾಗಿ ಬಿಡಿಸಿ ನೋಡಿದೆ.