ಎಲೆಯನ್ನೂ ತಿನ್ನುವ ಊಟ

ಹೋರಾಟ ಅಂತ ಬೀದಿಯಲ್ಲಿ ಕೂಗಾಡುವವನಿಗೆ ಮನೆಯಲ್ಲಾದರೂ ನೆಮ್ಮದಿ ಇರಬೇಕು. ನನಗಿಲ್ಲ. ಸಿಂಧಘಟ್ಟದ ನಮ್ಮ ಅಡುಗೆಮನೆಯಲ್ಲಿ ಸಂಜೆಯಾದರೆ ಏನಾದರೊಂದು ನಡೆದೇ ನಡೆಯುತ್ತದೆ.

ನುಂಗಿದ್ದು

ಸಕ್ಕರೆ ಕಾಯಿಲೆಗೆ ತೋರಿಸಲು ಹೋದಾಗ ಡಾಕ್ಟರು, "ರಾತ್ರಿ ಮುದ್ದೆ ಬಿಡಿ, ಹಗುರವಾಗಿ ತಿನ್ನಿ. ಮುಂದಿನ ಸಲವೂ ಹೀಗೇ ಇದ್ದರೆ ಮಾತ್ರೆ ಸಾಲದು, ದಿನಾ ಸೂಜಿ" ಅಂದರು. ಲಾಠಿಗೆ ಹೆದರದವನು ನಾನು. ಸೂಜಿಗೆ ಹೆದರುತ್ತೇನೆ.

ಹೆಂಡತಿ ಮೊಬೈಲು ನೋಡಿ ಹೊಸ ಅಡುಗೆ ಕಲಿತಳು. ಪಾಂಡವಪುರದಲ್ಲಿ ಅವಳ ತಮ್ಮ ಮೈಸೂರಿನ ಹೋಟೆಲುಗಳಿಗೆಂದು ಲೆಟ್ಯೂಸ್ ಸೊಪ್ಪು ಬೆಳೆಯುತ್ತಾನೆ. ಆ ಹಸಿ ಎಲೆಯೊಳಗೆ ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸು ಹಾಕಿ ಹುರಿದ ಕೋಳಿ ಕೈಮಾ. ಮೇಲೆ ಕ್ಯಾರೆಟ್ಟು, ಕಡ್ಲೆಕಾಯಿ ಬೀಜದ ಪುಡಿ, ನಿಂಬೆರಸ. ಕಾಲು ಗಂಟೆಯ ಕೆಲಸ. ಸುತ್ತಿ ಕೈಗಿಟ್ಟಳು.

"ವಿಯೆಟ್ನಾಂ ಕಡೆ ಇಂಗೇ ತಿಂತಾರಂತೆ."

ಮುದ್ದೆಯನ್ನು ಅಗಿದು ಗೊತ್ತಿಲ್ಲದ ಬಾಯಿ ನನ್ನದು. ಪಕ್ಕದಲ್ಲಿದ್ದ ಬಸ್ಸಾರಿಗೆ ಸುರುಳಿಯನ್ನು ಅದ್ದಿ ಗುಳುಂ ಅನ್ನಿಸಿದೆ. ಗಂಟಲಲ್ಲೇ ನಿಂತಿತು. ಅವಳು ಬೆನ್ನಿಗೆ ಗುದ್ದಿದಳು. ಅಷ್ಟು ಜೋರು ಬೇಕಿರಲಿಲ್ಲ.

ಉಸಿರು ಬಂದ ಮೇಲೆ ಅಂದೆ: "ಇದು ಊಟಾನೇ ಅಲ್ಲ."

"ಅಗೀರಿ. ಅಲ್ಲು ಕೊಟ್ಟಿರಾದು ಬರೀ ಭಾಷಣಕ್ಕಲ್ಲ."

ಮಡಚಿದ್ದು

ನಾಗಮಂಗಲದಿಂದ ಮಾವ ಬಂದರು. ಮಗಳು ಬಡಿಸಿದ್ದನ್ನು ಬೇಡ ಅನ್ನುವವರಲ್ಲ. ಒಂದೊಂದೇ ಸುರುಳಿ ಬಿಚ್ಚಿ, ತಟ್ಟೆಯ ಮೇಲೆ ಹರವಿ, ಒಳಗಿನದನ್ನು ಉಂಡರು. ಆಮೇಲೆ ಮದುವೆ ಮನೆಯ ಪಂಕ್ತಿಯಲ್ಲಿ ಮಡಚುವಂತೆ ಪ್ರತಿ ಎಲೆಯನ್ನೂ ತಮ್ಮ ಕಡೆಗೆ ಅಚ್ಚುಕಟ್ಟಾಗಿ ಮಡಚಿಟ್ಟರು.

"ಎಲೆನೂ ತಿನ್ಬೇಕು ಕಣಪ್ಪ," ಅಂದಳು ನನ್ನ ಹೆಂಡತಿ.

ಮಾವ ನನ್ನನ್ನು ಮರುಕದಿಂದ ನೋಡಿದರು.

"ಉಂಡೆಲೆ ತಿನ್ನೋ ಗತಿ ಬಂತಾ ಅಳಿಯಂದ್ರೆ? ಓರಾಟ ಬುಟ್ಬುಡಿ."

ನನಗೆ ಬಲ ಬಂತು. ಟೀ ಅಂಗಡಿ, ಬಸ್ ಸ್ಟ್ಯಾಂಡು, ಎಲ್ಲಿ ನಾಲ್ಕು ಜನ ಸಿಕ್ಕಿದರೂ ಸಾರಿದೆ: ಮುದ್ದೆ ಇಲ್ಲದ್ದು ಊಟವಲ್ಲ, ಮೇವು.

ಉಪವಾಸ

ಅಕ್ಕಿಹೆಬ್ಬಾಳಿನ ಸಂಜೆ ಬಸ್ಸು ನಿಂತುಹೋಯಿತು. ಕೇಳಿದರೆ ನಾಳೆ ಬಾ ಅಂದರು. ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿ ಮುಂದೆ ಒಂದು ದಿನ ಉಪವಾಸ ಕೂರುತ್ತೇನೆ ಅಂದೆ.

"ಮಾತ್ರೆ ನುಂಗಿ ಅಸ್ಕಂಡು ಕೂತ್ರೆ ಬಿದ್ದೋಯ್ತೀರಿ," ಅಂದಳು ಹೆಂಡತಿ. ಕೇಳಲಿಲ್ಲ, ಕೂತೆ.

ಮಧ್ಯಾಹ್ನಕ್ಕೆ ಕೈ ನಡುಗತೊಡಗಿತು. ಮೈಕು ಹಿಡಿಯಲಾಗದೆ ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ತನ್ನ ಅಪ್ಪನನ್ನು ಜೊತೆಗೆ ಕರೆದುಕೊಂಡು ಅವಳು ಬಂದಳು. ಕೈಯಲ್ಲಿ ಡಬ್ಬಿ. ಒಳಗೆ ಅದೇ ಸುರುಳಿ.

"ಇದು ಊಟವೋ ಅಲ್ವೋ, ಯೋಳಿ. ಊಟ ಅಂದ್ರೆ ವಾಪಸ್ ತಕ್ಕೊಂಡೋಯ್ತೀನಿ. ನಾಳೆಯಿಂದ ದಿನಾ ರಾತ್ರಿ ಕಮಕ್ ಕಿಮಕ್ ಅನ್ನದೆ ತಿನ್ನಬೇಕು. ಊಟ ಅಲ್ಲ ಅಂದ್ರೆ ಈಗ್ಲೇ ತಿನ್ನಿ. ಉಪವಾಸ ಎಂಗೆ ಮುರೀತದೆ?"

ಮೈಕು ಆಫ್ ಮಾಡಿರಲಿಲ್ಲ. ಪೇಟೆಯೆಲ್ಲ ಕೇಳಿಸಿಕೊಂಡಿತು.

ಊರಿಗೆಲ್ಲ ಸಾರಿದ ಮಾತಿಗೆ ತಪ್ಪುವವನಲ್ಲ ನಾನು. ತಿಂದೆ. ಈ ಸಲ ಅಗಿದೆ. ನಡುಕ ನಿಂತಿತು. ರುಚಿಯಾಗಿಯೂ ಇತ್ತು, ಅದನ್ನು ಮೈಕಿನಲ್ಲಿ ಹೇಳಲಿಲ್ಲ.

ಮೂರನೆಯದು ಬಾಯಲ್ಲಿದ್ದಾಗ ಇನ್ಸ್‌ಪೆಕ್ಟರು ಬಂದರು.

"ಏನ್ರೀ, ಉಪವಾಸ ಅಂತ ಬೋರ್ಡು ಹಾಕಿ ಊಟ ಮಾಡ್ತಿದೀರಲ್ಲ?"

ನನ್ನ ಬಾಯಿ ತುಂಬಿತ್ತು. ಮಾವ ಎದ್ದು ಕೈ ಮುಗಿದರು.

"ಎಲ್ಲಿ ಊಟ ಬುಡಿ ಸಾಮಿ. ಈಗಿನ್ನೂ ಎಲೆ ಆಕವ್ರೆ."