ಐದು ಮೇಜಿನ ಹೋಟೆಲುಗಳೂ ನಮ್ಮ ದೊಡ್ಡಮ್ಮನೂ

ನಮ್ಮ ದೊಡ್ಡಮ್ಮ ದೇವಸ್ಥಾನಕ್ಕೆ ಹೋಗುತ್ತಿದ್ದುದು ದೇವರನ್ನು ನೋಡಲಿಕ್ಕಲ್ಲ, ದೇವಸ್ಥಾನದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯಲಿಕ್ಕೆ ಎಂದರೆ ನೀವು ನನ್ನನ್ನು ನಾಸ್ತಿಕಳು ಎನ್ನುತ್ತೀರಿ. ಎನ್ನಿ! ಆದರೆ ಎದುರಿಗೆ ಹೋಟೆಲಿಲ್ಲದ ಒಂದೇ ಒಂದು ದೇವರಿಗೂ ಅವಳು ಹರಕೆ ಹೊತ್ತದ್ದನ್ನು ನಾನಂತೂ ಕಂಡಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಹೆಬ್ಬೂರಿನ ಶಾಲೆಯಲ್ಲಿ ಮೇಡಂ, ಮನೆ ತುಮಕೂರಿನಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಕಾಲೇಜು ಓದಲೆಂದು ಅವಳ ಮನೆಯಲ್ಲಿದ್ದೆ. ಓದಿದ್ದೆಷ್ಟೋ ಗೊತ್ತಿಲ್ಲ, ಕುಡಿದ ಕಾಫಿಗೆ ಮಾತ್ರ ಯಾವ ಯೂನಿವರ್ಸಿಟಿಯಾದರೂ ಡಿಗ್ರಿ ಕೊಡಬೇಕು. ಭಾನುವಾರ ಬಂತೆಂದರೆ ಸೀರೆಯ ನೆರಿಗೆ ಸರಿಮಾಡಿಕೊಂಡು, "ಏಳೇ, ಹಳೇ ಸಂತೆ ಬೀದೀಲಿ ಹೊಸ ಹೋಟ್ಲು ತೆಗ್ದವ್ರಂತೆ" ಎಂದು ಎಬ್ಬಿಸುತ್ತಿದ್ದಳು. ಯಾರ ಮನೆಯಲ್ಲಿ ಮಗು ಹುಟ್ಟಿತೆಂಬ ಸುದ್ದಿ ಅವಳಿಗೆ ಮೂರು ತಿಂಗಳಾದ ಮೇಲೆ ತಲುಪುತ್ತಿತ್ತು. ಯಾವ ಗಲ್ಲಿಯಲ್ಲಿ ಹೋಟೆಲು ಹುಟ್ಟಿತೆಂಬುದು ಮಾತ್ರ ಅದೇ ದಿನ!

ಹಾಗೆಂದು ಕಂಡಕಂಡ ಕಡೆ ನುಗ್ಗುವವಳಲ್ಲ. ಮೇಜು ಐದಕ್ಕಿಂತ ಹೆಚ್ಚಿದ್ದರೆ ಅದು ಅವಳ ಲೆಕ್ಕದಲ್ಲಿ ಹೋಟೆಲೇ ಅಲ್ಲ, ಛತ್ರ. ಗಲ್ಲಾದಲ್ಲಿ ಕೂರುವವನೂ ಕಾಫಿ ಬೆರೆಸುವವನೂ ಒಬ್ಬನೇ ಆಗಿರಬೇಕು, ಇಲ್ಲವೇ ಗಂಡಹೆಂಡಿರಾಗಿರಬೇಕು. "ಸಂಬ್ಳಕ್ಕೆ ಬೆರ್ಸೋ ಕಾಫೀಲಿ ಪ್ರೀತಿ ಇರಲ್ಲ ಕಣೇ" ಎನ್ನುತ್ತಿದ್ದಳು, ತಾನು ಸಂಬಳಕ್ಕೇ ಪಾಠ ಹೇಳುತ್ತಿರುವುದನ್ನು ಮರೆತು.

ಆಗ ಹೆಂಗಸರು ತಾವೇ ಹೋಟೆಲಿಗೆ ಹೋಗಿ, ಗಂಡಸರ ನಡುವೆ ಕೂತು, ಕಾಫಿ ತರಿಸಿಕೊಂಡು ಕುಡಿಯುವುದುಂಟೇ? ಅವರಿಗೆಂದು ಮೂಲೆಯಲ್ಲಿ ಹಸಿರು ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮ್ ಇರುತ್ತಿತ್ತು. ಗಾಳಿಯಿಲ್ಲ, ಬೆಳಕಿಲ್ಲ, ಸೊಳ್ಳೆಗಳು ಮಾತ್ರ ಕುಟುಂಬ ಸಮೇತ ಇರುತ್ತಿದ್ದವು. ದೊಡ್ಡಮ್ಮ ನೇರವಾಗಿ ಹೋಗಿ ಗಲ್ಲಾದ ಪಕ್ಕದ ಮೇಜಿನಲ್ಲಿ ಕೂತುಬಿಡುತ್ತಿದ್ದಳು. ಒಮ್ಮೆ ಒಬ್ಬ ಮಾಲೀಕ ಗಾಬರಿಯಾಗಿ ಓಡಿ ಬಂದ.

"ಅಮ್ಮಾ, ಫ್ಯಾಮಿಲಿ ರೂಮ್ ಒಳಗಡೆ ಐತೆ."

"ಫ್ಯಾಮಿಲಿನ ಮನೇಲಿ ಬಿಟ್ಟು ಬಂದಿದೀನಿ ಕಣಪ್ಪ. ಎರಡು ಕಾಫಿ."

ಪಾಪ, ಆತ ಎರಡು ಕಾಫಿ ತಂದಿಟ್ಟ.

ತಂದಿಟ್ಟರೆ ಮುಗಿಯಿತೇ? ಕಷ್ಟ ಶುರುವಾಗುತ್ತಿದ್ದುದೇ ಅಲ್ಲಿಂದ. ದೊಡ್ಡಮ್ಮ ಲೋಟವನ್ನು ಮೂಗಿನ ಕೆಳಗೆ ಹಿಡಿದು ಉಸಿರೆಳೆದಳೆಂದರೆ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟ ಹಾಗೆ, ಸುತ್ತಲಿನವರೂ ಉಸಿರು ಬಿಗಿಹಿಡಿಯಬೇಕು. ಬಾಯಿಗಿಡುವ ಮೊದಲೇ ಚಿಕೋರಿ ಎಷ್ಟು, ಹಾಲಿಗೆ ನೀರೆಷ್ಟು ಎಂದು ಹೇಳಿಬಿಡುತ್ತಿದ್ದಳು. "ಪರವಾಗಿಲ್ಲ" ಎಂದರೆ ಅದೇ ದೊಡ್ಡ ಬಹುಮಾನ. "ಚೆನ್ನಾಗಿದೆ" ಎಂಬ ಮಾತನ್ನು ನಾನು ಕೇಳಿದ್ದೇ ಇಲ್ಲ.

ಗುಬ್ಬಿಯಲ್ಲಿ ನಡೆದದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನೆಂಟರ ಗೃಹಪ್ರವೇಶಕ್ಕೆಂದು ಹೋಗಿದ್ದೆವು. ಗೃಹಪ್ರವೇಶಕ್ಕಿಂತ ಮೊದಲು ಹೋಟೆಲು ಪ್ರವೇಶವಾಯಿತು ಎಂದು ಬೇರೆ ಹೇಳಬೇಕೇ? ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾಲ್ಕು ಮೇಜಿನ ಜಾಗ. ಲೋಟ ಮೂಗಿನ ಹತ್ತಿರ ಬಂದದ್ದೇ ತಡ, ದೊಡ್ಡಮ್ಮ ಕತ್ತೆತ್ತಿದಳು.

"ಏನಪ್ಪಾ, ಡಿಕಾಕ್ಷನ್ ಯಾವಾಗ ಇಳ್ಸಿದ್ದು?"

"ಈಗಷ್ಟೇ ಅಮ್ಮ."

"ಈಗ ಅಂದ್ರೆ ನಿನ್ನೆ ಈಗಾನ?"

ಮಾಲೀಕ ತಿರುಗಿ ನೋಡಿದ. ಮುಖ ಬಿಳಿಚಿಕೊಂಡಿತು. ನಲವತ್ತು ವರ್ಷ ದಾಟಿದ, ಗಿರಿಜಾ ಮೀಸೆಯ ಆಳು, ಹೆಗಲ ಮೇಲಿನ ಟವೆಲ್ ತೆಗೆದು ಕೈಕಟ್ಟಿ ನಿಂತುಬಿಟ್ಟ!

"ಮೇಡಂ, ನಾನು... ನಿಮ್ಮ ಸ್ಟೂಡೆಂಟು. ನೀವು ಮೊದ್ಲು ಹಾಗಲವಾಡಿ ಸ್ಕೂಲಲ್ಲಿದ್ರಲ್ಲ, ಆಗ. ಕೊನೇ ಬೆಂಚು."

"ಅದಕ್ಕೇ ಅಲ್ವೇನೋ! ಆಗ ಹಳೇ ಕಾಪಿ ತಂದು ಹೊಸದು ಅಂತಿದ್ದೆ, ಈಗ ಹಳೇ ಕಾಫಿ ತಂದು ಹೊಸದು ಅಂತೀಯ. ಹೋಗು, ಇನ್ನೊಂದ್ಸಲ ಮಾಡ್ಕೊಂಬಾ."

ಆತ ಮೂರು ಸಲ ಮಾಡಿಕೊಂಡು ಬಂದ. ಕಾದಿದ್ದ ಗಿರಾಕಿಗಳು ಗೊಣಗಿದರೆ, "ಸುಮ್ಕಿರ್ರಪ್ಪ, ನಮ್ ಮೇಡಂ ಬಂದವ್ರೆ" ಎಂದು ಅವರನ್ನೇ ಗದರಿದ. ಮೂರನೆಯದಕ್ಕೆ "ಪರವಾಗಿಲ್ಲ" ಸಿಕ್ಕಿತು. ಆತನ ಮೀಸೆ ಮತ್ತೆ ನೆಟ್ಟಗಾಯಿತು. ನಾವು ಹೋಗುವಷ್ಟರಲ್ಲಿ ಗೃಹಪ್ರವೇಶ ಮುಗಿದು ಎಲೆ ಎತ್ತುತ್ತಿದ್ದರು.

ಇನ್ನು ಕುಣಿಗಲ್ಲಿಗೆ ನನ್ನ ಅಣ್ಣನಿಗೆ ಹೆಣ್ಣು ನೋಡಲು ಹೋದದ್ದು. ಮೆಟಡೋರ್ ತುಂಬ ಜನ. ಊರು ಮುಟ್ಟುತ್ತಲೇ ದೊಡ್ಡಮ್ಮ, "ಒಂದ್ನಿಮ್ಷ ನಿಲ್ಸಪ್ಪ" ಎಂದಳು. ಅವಳ ಒಂದು ನಿಮಿಷ ಎಷ್ಟೆಂದು ಗೊತ್ತಿದ್ದ ಅಮ್ಮ, "ಅಕ್ಕಾ, ಇವತ್ತೊಂದಿನ ತಡ್ಕೋ" ಎಂದು ಕೈಮುಗಿದಳು. ದೊಡ್ಡಮ್ಮ ತಡೆದುಕೊಂಡಳು. ಆದರೆ ಹೆಣ್ಣಿನ ಮನೆ ಬರುವವರೆಗೂ ಕಿಟಕಿಯಾಚೆ ನೋಡುತ್ತ, ಮೈಮೇಲಿನ ಒಡವೆ ಕಳಚಿ ಕೊಟ್ಟವಳಂತೆ ಕೂತಿದ್ದಳು.

ಹುಡುಗಿ ಕಾಫಿ ತಂದಳು. ದೊಡ್ಡಮ್ಮ ಮೂಗಿನ ಹತ್ತಿರ ಹಿಡಿದಳು. ಒಂದು ಗುಟುಕು. ಇನ್ನೊಂದು. ನಾವೆಲ್ಲ ದೇವರನ್ನು ನೆನೆದೆವು. "ಪರವಾಗಿಲ್ಲ! ಈ ಹುಡುಗೀನೇ ಗಟ್ಟಿ ಮಾಡ್ಕೊಳಿ" ಎಂದಳು. ಅಣ್ಣ ಇನ್ನೂ ಹುಡುಗಿಯ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ! ಹುಡುಗಿಯ ಅಪ್ಪ ಖುಷಿಯಿಂದ, "ಎಲ್ಲಾ ಅವಳೇ ಮಾಡಿದ್ದು" ಎಂದರು. ಹುಡುಗಿ ಮೆಲ್ಲಗೆ, "ಉಪ್ಪಿಟ್ಟು ನಂದು. ಕಾಫಿ ನಂದಲ್ಲ, ಬಸ್‌ಸ್ಟ್ಯಾಂಡ್ ಹತ್ರದ ಹೋಟ್ಲಿಂದ ಫ್ಲಾಸ್ಕಲ್ಲಿ ತರ್ಸಿದ್ದು" ಎಂದುಬಿಟ್ಟಳು. ಆಕೆಯ ಅಮ್ಮ ತಲೆ ತಗ್ಗಿಸಿದರು.

"ಒಳ್ಳೇ ಕಾಫಿ ಎಲ್ಲಿ ಸಿಗುತ್ತೆ ಅಂತ ಗೊತ್ತು, ಸುಳ್ಳು ಹೇಳಕ್ಕೆ ಗೊತ್ತಿಲ್ಲ. ಇನ್ನೇನ್ ಬೇಕು?" ಎಂದಳು ದೊಡ್ಡಮ್ಮ. ಆಕೆಯೇ ಈಗ ನನ್ನ ಅತ್ತಿಗೆ.

ಹೀಗೇ ವರ್ಷಗಳು ಕಳೆದವು. ನನಗೆ ತುಮಕೂರಿನಲ್ಲೇ ಕೆಲಸ ಸಿಕ್ಕಿತು, ಮದುವೆಯಾಯಿತು, ದೊಡ್ಡಮ್ಮ ರಿಟೈರಾದಳು. ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ದಿನ ಬಸ್ಸಿನಿಂದ ಇಳಿಯುವಾಗ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಯಿತು. ಹೊಲಿಗೆ ಹಾಕಿದರು, ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದ ಮೇಲೆ ನಡೆದಾಡಿದಳು, ನಕ್ಕಳು, ಪೇಪರ್ ಓದಿದಳು. ಗಂಡಾಂತರ ಕಳೆಯಿತೆಂದುಕೊಂಡೆವು.

ಒಂದು ಭಾನುವಾರ ನೋಡಲು ಹೋದವಳು ನಾನೇ ಕಾಫಿಗಿಟ್ಟೆ. ಫೋನ್ ಬಂತು, ಮಾತಾಡುತ್ತ ನಿಂತೆ, ಹಾಲು ತಳ ಹಿಡಿದು ಸೀದೇ ಹೋಯಿತು. ಮನೆಯಲ್ಲಿ ಬೇರೆ ಹಾಲಿರಲಿಲ್ಲ. ಬೈಸಿಕೊಳ್ಳಲು ಸಿದ್ಧಳಾಗಿಯೇ ಅದನ್ನೇ ಬೆರೆಸಿ ಕೊಟ್ಟೆ. ದೊಡ್ಡಮ್ಮ ಪೂರ್ತಿ ಕುಡಿದು ಲೋಟ ಕೆಳಗಿಟ್ಟು, "ಚೆನ್ನಾಗಿದೆ ಕಣೇ" ಎಂದಳು.

ನಾನು ಖಾಲಿ ಲೋಟ ಎತ್ತಿ ಮೂಸಿದೆ. ಸೀದ ವಾಸನೆ ಇನ್ನೂ ಇತ್ತು.

"ದೊಡ್ಡಮ್ಮ, ಹಾಲು ಸೀದೋಗಿತ್ತು."

ಅವಳು ಆ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಆಮೇಲೆ, "ಬಿಸಿ ಗೊತ್ತಾಗುತ್ತೆ. ಸಿಹಿ, ಕಹಿ ಗೊತ್ತಾಗುತ್ತೆ. ಕಾಫಿ ಗೊತ್ತಾಗಲ್ಲ ಕಣೇ" ಎಂದಳು. "ವಾಸ್ನೆ ಹೊರಟೋಗಿದೆ. ತಲೆಗೆ ಏಟು ಬಿದ್ರೆ ಹಿಂಗೂ ಆಗುತ್ತಂತೆ. ಬಂದ್ರೂ ಬರ್ಬೋದು, ಬರ್ದೇನೂ ಇರ್ಬೋದು ಅಂದ್ರು ಡಾಕ್ಟ್ರು. ನಿಮ್ಮ ದೊಡ್ಡಪ್ಪಂಗೆ ಹೇಳ್ಬೇಡ, ಸುಮ್ನೆ ಕೊರಗ್ತಾರೆ."

ಹೇಳುವ ಅಗತ್ಯವಿರಲಿಲ್ಲ. ದೊಡ್ಡಪ್ಪ ಹಾಲಿನ ಪ್ಯಾಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ದೊಡ್ಡಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದವರು. ಕಂಬ ಹತ್ತಿ ಇಳಿದೇ ಜೀವನ ಸವೆಸಿದ ಮನುಷ್ಯ. ಮಾತು ಕಡಿಮೆ. ಹುಟ್ಟಿದಾಗಿನಿಂದ ಕಾಫಿ ಮುಟ್ಟಿದವರಲ್ಲ. ಬೆಳಗ್ಗೆ ರಾಗಿ ಗಂಜಿ, ಸಾಯಂಕಾಲ ಮಜ್ಜಿಗೆ. ಅವತ್ತು ಅವರು ಹಾಲಿನ ಪ್ಯಾಕೆಟ್ಟನ್ನು ಅಡುಗೆಮನೆಯಲ್ಲಿಟ್ಟು ಹೊರಗೆ ಹೋದರು. ಮುಂದಿನ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ನಡಿಯೇ, ರೈಲ್ವೆ ಸ್ಟೇಷನ್ ರೋಡಲ್ಲಿ ಯಾವ್ದೋ ಹೊಸ ಹೋಟ್ಲಂತೆ" ಎಂದರು. ನನ್ನನ್ನೂ ಕರೆದರು.

ಮೂರು ಕಾಫಿ ಬಂತು. ದೊಡ್ಡಪ್ಪ ಒಂದು ಗುಟುಕು ಕುಡಿದರು. ಕಷಾಯ ಕುಡಿದವರ ಮುಖ! ನಗು ಬಂದರೂ ನುಂಗಿಕೊಂಡೆ. ದೊಡ್ಡಮ್ಮ ಅವರನ್ನೇ ನೋಡುತ್ತಿದ್ದಳು.

"ಹೆಂಗಿದೇರಿ?"

"ಹೆಂಗೈತೆ ಅಂದ್ರೆ... ಕಾಫಿ ಹಂಗೈತೆ."

"ಅಷ್ಟೇನಾ?"

ದೊಡ್ಡಪ್ಪ ಇನ್ನೊಂದು ಗುಟುಕು ಕುಡಿದು, ಹಣೆ ಗಂಟಿಕ್ಕಿ ಯೋಚಿಸಿದರು. "ಬಾಯಿಗ್ ಹಾಕ್ಕಂಡ್ ತಕ್ಷಣ ವೋಲ್ಟೇಜು ಜೋರಾಗೈತೆ ಕಣೇ. ಆಮೇಲೆ ಸ್ವಲ್ಪ ಡಿಮ್ ಆಯ್ತದೆ. ಕುಡ್ದಾದ್ ಮೇಲೂ ನಾಲ್ಗೆ ಮೇಲೆ ಏನೋ ಒಂದು... ಸಪ್ಲೈ ಇದ್ದೇ ಐತೆ."

ದೊಡ್ಡಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೇಳುತ್ತಿದ್ದಳು. ಕಣ್ಣು ತುಂಬಿತ್ತು.

"ಸುಟ್ಟಂಗೆ ಇದ್ಯಾ? ಇಲ್ಲಾ ಹುರಿದಂಗೆ?"

ಆ ಪ್ರಶ್ನೆ ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. ಖಾಲಿಯಾದ ತಮ್ಮ ಲೋಟವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ಮಾಲೀಕನ ಕಡೆ ಕೈಯೆತ್ತಿದರು.

"ಇನ್ನೊಂದ್ ಕೊಡಪ್ಪ" ಎಂದು, ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ತಡಿ, ನಂಗಿದು ಹೊಸ್ದು. ಸರಿಯಾಗ್ ನೋಡಿ ಹೇಳ್ತೀನಿ."