ಕೆಂಪು ಪಟ್ಟಿಯೋ, ಹಳದಿ ಪಟ್ಟಿಯೋ

ಹೊಸ ಕ್ಯಾಮೆರಾ ಕೊಳ್ಳುತ್ತೇನೆ ಎಂದು ಒಮ್ಮೆ ಬಾಯಿಬಿಟ್ಟು ನೋಡಿ, ಆಮೇಲೆ ಸಲಹೆಗೂ ನಗೆಪಾಟಲಿಗೂ ಬರವೇ ಇರುವುದಿಲ್ಲ. ಕನ್ಯೆ ನೋಡಲು ಹೋದವರಿಗೂ ಜನ ಅಷ್ಟು ಸಲಹೆ ಕೊಡುವುದಿಲ್ಲ.

ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಹೆಂಗಸು ಫೋಟೋ ತೆಗೆಯುತ್ತಾಳಂತೆ ಎಂದು ಮೋಜು ನೋಡಲು ಬಂದವರೇ ಆಮೇಲೆ ಗಿರಾಕಿಗಳಾದರು. ಹೋದ ವರ್ಷ ಲಗ್ನದ ಸೀಸನ್ ಎದುರಿಗಿರುವಾಗಲೇ ನನ್ನ ಹಳೆಯ ಕ್ಯಾಮೆರಾ ಕೈಕೊಟ್ಟಿತು. "ಈ ಸೀಸನ್ ತಪ್ಪಿತಂದ್ರ ಸ್ಟುಡಿಯೋ ತಗದು ಝೆರಾಕ್ಸ್ ಮಷೀನ್ ಇಡೂದು," ಎಂದು ನಮ್ಮ ಯಜಮಾನರು ಹೇಳಿಬಿಟ್ಟರು. ಝೆರಾಕ್ಸ್ ತೆಗೆಯುತ್ತ ಮುದುಕಿಯಾಗುವುದು ನನಗೆ ಸುತರಾಂ ಬೇಡವಾಗಿತ್ತು. ಕೈಯಲ್ಲಿದ್ದ ದುಡ್ಡಿಗೆ ಒಂದೇ ಕ್ಯಾಮೆರಾ. ಆರಿಸುವುದರಲ್ಲಿ ತಪ್ಪಿದರೆ ಮುಗಿಯಿತು.

ನಮ್ಮ ಕಡೆ ಫೋಟೋದವರಲ್ಲಿ ಎರಡು ಪಂಗಡ. ಕಂಪನಿಯ ಹೆಸರು ಯಾರೂ ಹೇಳುವುದಿಲ್ಲ. ಕ್ಯಾಮೆರಾದ ಕೊರಳಪಟ್ಟಿಯ ಬಣ್ಣ ನೋಡಿ ಕೆಲವರು ಕೆಂಪು ಪಟ್ಟಿಯವರು, ಉಳಿದವರು ಹಳದಿ ಪಟ್ಟಿಯವರು. ಲಗ್ನದ ಊಟಕ್ಕೂ ಬೇರೆ ಬೇರೆ ಪಂಕ್ತಿಯಲ್ಲೇ ಕೂಡುತ್ತಾರೆ.

೧. ವಕೀಲರ ಸಲಹೆ

ಹಾವೇರಿಯ ವಕೀಲರೊಬ್ಬರು ಭಾನುವಾರ ಬಂತೆಂದರೆ ಕೃಷ್ಣಮೃಗದ ಫೋಟೋ ತೆಗೆಯಲು ನಮ್ಮೂರ ಕಡೆ ಬರುತ್ತಾರೆ. ಎರಡೂ ಪಟ್ಟಿಯ ಕ್ಯಾಮೆರಾ ಇಟ್ಟುಕೊಂಡ ಪುಣ್ಯಾತ್ಮರು. ಇವರನ್ನು ಬಿಟ್ಟು ಇನ್ಯಾರನ್ನು ಕೇಳಲಿ ಎಂದು ಅವರ ಆಫೀಸಿಗೇ ಹೋದೆ.

ಅರ್ಧ ತಾಸು ಹಳದಿ ಪಟ್ಟಿಯ ಪರವಾಗಿ ಮಾತಾಡಿದರು. ಎಂಥ ಮಾತು! ನಾನು ಹಳದಿಯೇ ಸರಿ ಎಂದು ಎದ್ದು ನಿಂತೆ. "ಕುಂದ್ರವಾ, ಎದುರು ಪಾರ್ಟಿ ವಾದ ಇನ್ನೂ ಆಗಿಲ್ಲ," ಎಂದು ಕೂರಿಸಿ, ಇನ್ನರ್ಧ ತಾಸು ಕೆಂಪು ಪಟ್ಟಿಯ ಪರವಾಗಿ ಮಾತಾಡಿ, ಹಳದಿಯ ಒಂದೊಂದೇ ಗುಣವನ್ನು ಕಿತ್ತು ಒಗೆದರು.

"ಹಂಗಾದ್ರ ಯಾವುದು ತಗೊಳ್ಳಲ್ರಿ ಸಾಹೇಬ್ರ?" ಎಂದೆ.

ವಕೀಲರು ಕನ್ನಡಕ ತೆಗೆದು ಒರೆಸಿದರು. "ನೋಡವಾ, ವಾದ ಮಾಡೂದಷ್ಟ ನಮ್ಮ ಕೆಲಸ. ತೀರ್ಪು ಕೊಡಾಕ ಜಡ್ಜ್ ಸಾಹೇಬ್ರು ಅದಾರ."

೨. ಎರಡು ಪಿಕ್ಸೆಲ್ ಕೊಸರು

ಕ್ಯಾಮೆರಾ ಅಂಗಡಿಗೆ ಹೊರಟಾಗ ಅತ್ತೆಯೂ ಜೊತೆಗೆ ಬಂದರು. ಸಂತೆಯಲ್ಲಿ ಅವರಿಗೆ ತೂಕದ ಮೇಲೆ ಒಂದಿಷ್ಟು ಕೊಸರು ಹಾಕದೆ ಬಿಟ್ಟ ವ್ಯಾಪಾರಿ ಇನ್ನೂ ಹುಟ್ಟಿಲ್ಲ.

ಅಂಗಡಿಯವನು ಕೆಂಪು ಪಟ್ಟಿಯದನ್ನು ತೋರಿಸಿ, "ಇದರಾಗ ಇಪ್ಪತ್ನಾಕು ಮೆಗಾಪಿಕ್ಸೆಲ್ ಅದಾವ್ರಿ," ಎಂದ.

ಅತ್ತೆ ಗಡಿಗೆ ಬಾರಿಸುವಂತೆ ಕ್ಯಾಮೆರಾವನ್ನು ಬೆರಳಿನಿಂದ ಬಾರಿಸಿ ನೋಡಿದರು. "ಆಚಿ ಅಂಗಡ್ಯಾಗ ಇಪ್ಪತ್ತಾರು ಅಂದಾರಪಾ. ನೀನೂ ಎರಡು ಕೊಸರು ಹಾಕಿಬಿಡು."

"ಅಮ್ಮಾರ, ಅವು ಒಳಗ ಇರ್ತಾವ್ರಿ, ಹಾಕಾಕ ಬರೂದಿಲ್ಲ."

"ಒಳಗ ಇರೂದನ್ನ ಯಾರು ಎಣಿಸ್ಯಾರ? ಹಾಕು ತಮ್ಮಾ, ಎರಡು ಪಿಕ್ಸೆಲ್‌ದಿಂದ ನಿನ್ನ ಅಂಗಡಿ ಮುಳುಗೂದಿಲ್ಲ."

ಈ ಚೌಕಾಶಿ ನಡೆದಿರುವಾಗ ನನ್ನ ಕಣ್ಣು ಕಪಾಟಿನ ಮೂಲೆಗೆ ಹೋಯಿತು. ಕೆಂಪೂ ಅಲ್ಲ, ಹಳದಿಯೂ ಅಲ್ಲ, ಬೇರೆಯೇ ಕಂಪನಿಯ ಸಣ್ಣ ಕ್ಯಾಮೆರಾ. ಹಳೆಯ ಮಾಡೆಲ್ ಎಂದು ಅಗ್ಗಕ್ಕೆ ಬಿದ್ದಿತ್ತು. ಇದನ್ನು ಕೊಂಡರೆ ಉಳಿದ ದುಡ್ಡಿಗೆ ಒಂದು ಚಲೋ ಲೆನ್ಸ್ ಬರುತ್ತದೆ. ಅತ್ತೆಯ ಇಳಕಲ್ ಸೀರೆಯ ಫೋಟೋ ತೆಗೆದು ನೋಡಿದೆ. ಸೆರಗಿನ ಕೆಂಪು ಇದ್ದದ್ದು ಇದ್ದ ಹಾಗೆ ಬಂದಿತ್ತು. ಅಲ್ಲೇ ತೀರ್ಮಾನ ಮಾಡಿದೆ. ನನ್ನ ಜೀವನದಲ್ಲಿ ಯಾರನ್ನೂ ಕೇಳದೆ ಕೊಂಡ ಮೊದಲ ವಸ್ತು ಅದು.

ಅಂಗಡಿಯವನು ಬಿಲ್ ಮಾಡಿ, ಲೆನ್ಸ್ ಒರೆಸುವ ಸಣ್ಣ ಬಟ್ಟೆಯ ಪೊಟ್ಟಣ ಒಂದನ್ನು ಚೀಲದೊಳಗೆ ಹಾಕಿದ. ಅತ್ತೆ ಹೊರಗೆ ಬಂದದ್ದೇ ಅದನ್ನು ಮುಟ್ಟಿ ನೋಡಿ ಗೆದ್ದ ಮುಖ ಮಾಡಿದರು:

"ಆಗೂದಿಲ್ಲ ಅಂದಿದ್ದನಲ್ಲ, ನೋಡು, ಎರಡು ಪಿಕ್ಸೆಲ್ ಕಟ್ಟಿ ಇಟ್ಟಾನ."

೩. ದೊಡ್ಡದು ಯಾವಾಗ ಬರತೈತಿ?

ಹೊಸ ಕ್ಯಾಮೆರಾದ ಮೊದಲ ಲಗ್ನ ಗುತ್ತಲದಲ್ಲಿ. ಅಂಗೈಯಗಲದ ಕ್ಯಾಮೆರಾ ನೋಡಿ ಬೀಗರೆಲ್ಲ ಮುಖ ಮುಖ ನೋಡಿಕೊಂಡರು. ಮದುಮಗಳ ಸೋದರಮಾವ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅಕ್ಕಾರ, ಇದು ಟ್ರಯಲ್ ಇರಬೇಕಲ್ರಿ? ದೊಡ್ಡದು ಯಾವಾಗ ಬರತೈತಿ?"

"ಬರತೈತ್ರಿ," ಎಂದುಬಿಟ್ಟೆ.

ಆ ಸುದ್ದಿ ಮಂಟಪದ ತುಂಬ ಹರಡಿತು. ದೊಡ್ಡ ಕ್ಯಾಮೆರಾ ಬಂದ ಮೇಲೆ ನೆಟ್ಟಗೆ ನಿಂತರಾಯಿತು ಎಂದು ಯಾರೂ ನನ್ನ ಕಡೆ ನೋಡಲೇ ಇಲ್ಲ. ತಮ್ಮಷ್ಟಕ್ಕೆ ನಕ್ಕರು, ಅತ್ತರು, ಜಗಳಾಡಿದರು, ಹೋಳಿಗೆಗೆ ತುಪ್ಪ ಸುರಿದುಕೊಂಡರು. ನಾನು ಒಂದನ್ನೂ ಬಿಡದೆ ತೆಗೆದೆ. ಅಷ್ಟು ಜೀವಂತ ಫೋಟೋಗಳನ್ನು ನಾನು ಅದುವರೆಗೂ ತೆಗೆದಿರಲಿಲ್ಲ.

ಆಲ್ಬಮ್ ಒಯ್ದು ಕೊಟ್ಟ ದಿನ ಮನೆಮಂದಿಯೆಲ್ಲ ಮುಗಿಬಿದ್ದು ನೋಡಿದರು. ಸೋದರಮಾವನ ಕಣ್ಣಲ್ಲಿ ನೀರೇ ಬಂತು. ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಭಾಳ ಚಲೋ ಬಂದಾವ್ರಿ ಅಕ್ಕಾರ. ಆದ್ರ ಆ ದೊಡ್ಡ ಕ್ಯಾಮೆರಾ ಬಂದದ್ದು ಯಾವಾಗ? ನಾ ಉಣ್ಣಾಕ ಹೋದಾಗ ಏನು?"

೪. ಬ್ಯಾಡಗಿಯಲ್ಲಿ ಆಡಬಾರದ ಮಾತು

ಸೀಸನ್ನಿನ ದೊಡ್ಡ ಲಗ್ನ ಬ್ಯಾಡಗಿಯ ಮೆಣಸಿನಕಾಯಿ ಸಾವಕಾರರ ಮನೆಯದು. ಅದೊಂದು ಸಿಕ್ಕರೆ ಝೆರಾಕ್ಸ್ ಮಾತು ಮನೆಯಲ್ಲಿ ಮತ್ತೆ ಏಳುವುದಿಲ್ಲ. ಸಾವಕಾರರು ನನ್ನನ್ನೂ, ಹಾವೇರಿಯ ಹಳದಿ ಪಟ್ಟಿಯವನೊಬ್ಬನನ್ನೂ ಒಟ್ಟಿಗೇ ಅಂಗಡಿಗೆ ಕರೆಸಿದ್ದರು. ಅವನ ಕೊರಳಲ್ಲಿ ಮೊಳದುದ್ದದ ಲೆನ್ಸ್. ನನ್ನ ಕೈಯಲ್ಲಿ ಅದೇ ಅಂಗೈಯಗಲದ ಕ್ಯಾಮೆರಾ.

"ನನಗ ಬಣ್ಣ ಮುಖ್ಯ," ಎಂದರು ಸಾವಕಾರರು. "ಹಿರೇ ಮಗಳ ಲಗ್ನದಾಗ ಕೆಂಪು ಸೀರಿ ಆಲ್ಬಮ್‌ದಾಗ ಗಜ್ಜರಿ ಹಂಗ ಕೇಸರಿ ಬಣ್ಣ ಆಗಿತ್ತು."

ಹಳದಿ ಪಟ್ಟಿಯವನು ಮುಂದೆ ಸರಿದ. "ಸಾವಕಾರ್ರ, ನನ್ನ ಲೆನ್ಸ್ ನೋಡ್ರಿ, ಎಷ್ಟು ಉದ್ದ ಐತಿ. ಆಕಿ ಕಡೆ ಇರೂದು ಬರೇ ಡಬ್ಬಿ ರೀ."

ಸಾವಕಾರರ ಕಿವಿ ನೆಟ್ಟಗಾಯಿತು. "ಡಬ್ಬಿ? ಖರೇನ?"

"ಖರೇನ ರೀ. ಅಪ್ಪಟ ಡಬ್ಬಿ!"

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಎರಡು ಜಾತಿ. ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ, ಗಿಡ್ಡಕ್ಕೆ ದುಂಡಗಿರುವುದು ಡಬ್ಬಿ. ಬಣ್ಣದ ಮಾತು ಬಂದರೆ ಡಬ್ಬಿಯದೇ ಮೇಲುಗೈ. ಪಾಪ, ಹಾವೇರಿಯವನಿಗೆ ಮಾತಿನ ಭರದಲ್ಲಿ ಅದು ನೆನಪಾಗಲಿಲ್ಲ.

ಸಾವಕಾರರು ಅವನ ಲೆನ್ಸನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರ ನಿಮ್ಮದು ಕಡ್ಡಿ."

"ಅಯ್ಯ ಹಂಗಲ್ರಿ! ಡಬ್ಬಿ ಅಂದ್ರ ಕೆಲಸಕ್ಕ ಬಾರದ್ದು!"

ಚೀಲ ಹೊಲಿಯುತ್ತಿದ್ದವರ ಕೈ ನಿಂತಿತು. ತೂಕ ಮಾಡುತ್ತಿದ್ದ ಹಮಾಲ ತಿರುಗಿ ನೋಡಿದ. ಸಾವಕಾರರು ಎದ್ದೇ ನಿಂತರು. "ಏನಂದಿ? ಬ್ಯಾಡಗಿಯಾಗ ನಿಂತು, ನನ್ನ ಅಂಗಡ್ಯಾಗ, ಡಬ್ಬಿ ಕೆಲಸಕ್ಕ ಬಾರದ್ದು ಅಂತೀಯೇನು?"

ಅವನು ತಿದ್ದಿ ಹೇಳುವಷ್ಟರಲ್ಲಿ ನಾನು ಎದುರಿಗಿದ್ದ ಮೆಣಸಿನಕಾಯಿ ರಾಶಿಯ ಒಂದು ಫೋಟೋ ತೆಗೆದು ಸಾವಕಾರರ ಮುಂದೆ ಹಿಡಿದೆ. ಅವರು ಒಂದು ಹಿಡಿ ಮೆಣಸಿನಕಾಯಿ ಎತ್ತಿ ಪರದೆಯ ಪಕ್ಕಕ್ಕಿಟ್ಟು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ಅದೇ ಕೆಂಪು, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಲೆ ಅಡಿಕೆ ತರಿಸಿ, ಲಗ್ನದ ಕೆಲಸ ನಿನ್ನದೇ ಎಂದು ನನ್ನ ಕೈಗೇ ಕೊಟ್ಟರು. ಖುಷಿಗೆ ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಹೊಸ್ತಿಲು ದಾಟುವಾಗ ಸಾವಕಾರರು ಹಿಂದೆ ಕರೆದು, ಪಕ್ಕಕ್ಕೆ ನಿಲ್ಲಿಸಿಕೊಂಡು, ಬಹಳ ಗಂಭೀರವಾಗಿ ಹೇಳಿದರು:

"ಒಂದ ಮಾತು ತಂಗಿ. ಡಬ್ಬಿ ಅಂತ ಹೇಳಿ, ಲಗ್ನದ ದಿನ ನಡುವ ಕಡ್ಡಿ ಬೆರಸಬ್ಯಾಡ."